ಹೆಪ್ಪು

ನವನಗರ. ಟಿವಿ ಇದ್ದ ಜಾಗದಲ್ಲಿ
ಈಗ ಮೂರಡಿ ಗಾಜು,
ಅದರೊಳಗೆ ತೂಕ ಹಾಕಿ ಕಲಸಿದ ಸಮುದ್ರ,
ಹನ್ನೊಂದು ಕಿಲೋ ಕಲ್ಲು.
ಮೀನಿಲ್ಲ.

"ಆರು ವಾರ ಏನೂ ಬಿಡಬ್ಯಾಡ್ರಿ ಅಕ್ಕಾರ,"
ಅಂದಿದ್ದ ಬೆಳಗಾವಿ ಅಂಗಡಿಯ ದಸ್ತಗೀರ,
"ಕಣ್ಣಿಗೆ ಕಾಣದವು ಮದಲ ಮನಿ ಹೂಡಬೇಕು."
ನಾನು ಹೂಂ ಅಂದೆ.
ಒಂಬತ್ತನೇ ದಿನ ಬಸ್ಸು ಹತ್ತಿ ಹೋಗಿ
ಬೇರೆ ಅಂಗಡಿಯಿಂದ ಎರಡು ಕಿತ್ತಳೆ ಬಣ್ಣದ ಮೀನು ತಂದೆ.
ಹನ್ನೆರಡನೇ ದಿನ
ನುಗ್ಗೆಗಿಡದ ಬುಡದಲ್ಲಿ ಚಮಚೆಯಿಂದ ಮಣ್ಣು ಕೆದರಿದೆ.
ಎರಡಕ್ಕೂ ಒಂದೇ ಕುಣಿ ಸಾಕಾಯಿತು.

ದಿನವಿಡೀ ಲ್ಯಾಬಿನಲ್ಲಿ ಮಂದಿಯ ರಕ್ತ ನೋಡಿ
ಸಕ್ಕರೆ ಇಷ್ಟು, ಉಪ್ಪು ಇಷ್ಟು ಎಂದು ಬರೆಯುವವಳು,
ರಿಪೋರ್ಟಿಗೆ ಅವಸರ ಮಾಡುವವರನ್ನು ಗದರುವವಳು ನಾನೇ.
ರಾತ್ರಿ ಕೊಳವೆಯಲ್ಲಿ ಐದು ಮಿಲಿ ನೀರು ಹಿಡಿದು
ಹನಿ ಬಿಟ್ಟು, ಅಲುಗಿಸಿ,
ದೀಪಕ್ಕೆ ಹಿಡಿಯುತ್ತೇನೆ:
ಹಸಿರು.
ಮರುದಿನವೂ ಹಸಿರು. ಹಳದಿಯಾಗಬೇಕು, ಆಗುವುದಿಲ್ಲ.
ಈ ರೋಗಿಯನ್ನು ಗದರುವಂತಿಲ್ಲ.

ಕಲ್ಲಿನ ಮೇಲೆ ಕಂದು ಪಾಚಿ,
ಚಹಾ ಸೋಸಿದ ಅರಿವೆಯ ಬಣ್ಣ.
ಮಗ್ಗುಲ ಮನೆಯ ನೀಲಮ್ಮ ಬಂದು
"ಕಲ್ಲಿಗೆ ಕರೆಂಟ್ ಬಿಲ್ ಕಟ್ಟತೀರಿ?" ಎಂದು ಕೇಳಿ
ಉತ್ತರಕ್ಕೆ ನಿಲ್ಲದೆ ಹೋದಳು.

ಅವ್ವ ಮೊದಮೊದಲು ಅತ್ತ ನೋಡಲೇ ಇಲ್ಲ.
"ನೀರು ಬಂತಂತ ಕಿಲ್ಲಾದಾಗಿನ ಮನಿ ಬಿಟ್ಟು ಬಂದೇವಿ,
ನೀ ರೊಕ್ಕಾ ಕೊಟ್ಟು ನೀರು ಮನ್ಯಾಗ ತಂದಿ."
ಆಮೇಲೆ ಒಂದು ಸಂಜೆ, ನಾನು ಮೂರನೇ ಸಲ ಕೊಳವೆ ಎತ್ತಿದಾಗ,
ಅಡುಗೆಮನೆಯಿಂದಲೇ:
"ಹೆಪ್ಪು ಹಾಕಿದ ಗಡಿಗಿ ಮುಚ್ಚಳ ಗಳಿಗಿಗೊಮ್ಮೆ ತಗದರ
ಮೊಸರಾಗತೈತೇನವಾ?"

ಕೊಳವೆಗಳನ್ನು ಡಬ್ಬಿಗೆ ಹಾಕಿ
ಕಪಾಟಿನ ಮೇಲಿಟ್ಟೆ.
ಎರಡು ದಿನ ತಡೆದೆ, ಅಷ್ಟೇ.

ಕರೆಂಟು ಹೋದ ಒಂದು ರಾತ್ರಿ
ಪಂಪು ನಿಂತು, ಮನೆ ತುಂಬ ಮೌನ.
ಮೊಬೈಲಿನ ಬೆಳಕು ಬಿಟ್ಟರೆ
ಕಲ್ಲಿನ ಸಂದಿಯಿಂದ ದಾರದಂಥ ಒಂದು ತೋಳು
ಹೊರಬಂದು ನೀರನ್ನು ಮುಟ್ಟಿ ನೋಡಿತು. ಮತ್ತೊಂದು ತೋಳು.
ನಾನು ತಂದದ್ದಲ್ಲ, ಬಿಟ್ಟದ್ದಲ್ಲ.
ಕಲ್ಲಿನ ಜೊತೆಗೇ ಬಂದು, ಇಷ್ಟು ದಿನ
ನಾನು ಮಲಗುವುದನ್ನೇ ಕಾಯುತ್ತಿತ್ತು.

ಈಗ ಅವ್ವನಿಗೂ ಒಂದು ಕೆಲಸವಿದೆ.
ಗಾಜಿನ ಮೇಲೆ ನಾನೆಳೆದ ಗೆರೆ ಮುಟ್ಟುವ ತನಕ
ದಿನಾ ಬೆಳಿಗ್ಗೆ ಒಂದು ತಂಬಿಗೆ ಸಿಹಿನೀರು ಸುರಿಯುತ್ತಾಳೆ.
ಆರುವುದು ನೀರಷ್ಟೇ, ಉಪ್ಪು ಎಲ್ಲಿಗೂ ಹೋಗುವುದಿಲ್ಲ.
ಸುರಿದು, ಕುರ್ಚಿ ಎಳೆದು ಕೂತು,
ಕಲ್ಲಿನ ಸಂದುಗಳನ್ನು ಬೆರಳಿಟ್ಟು ತೋರಿಸುತ್ತಾಳೆ:
"ಇದು ಪಡಸಾಲಿ. ಇದು ದೀಪದ ಮಾಡ.
ಇಲ್ಲೇ ನಿಮ್ಮಜ್ಜಿ ಬೀಸೂಕಲ್ಲು."

ನಿನ್ನೆ ಕೊಳವೆ ಹಳದಿ ತೋರಿಸಿತು.
ದಸ್ತಗೀರನಿಗೆ
ಇನ್ನೂ ಫೋನ್ ಮಾಡಿಲ್ಲ.