ಹನ್ನೊಂದನೇ ಪುಟ

ಪುಕ್ಕಟೆ ಎಂದಿತ್ತು ಮೊದಲ ಪುಟದಲ್ಲಿ,
ನನ್ನ ಹೆಬ್ಬೆರಳಿನಷ್ಟು ದಪ್ಪ ಅಕ್ಷರ.
ಹನ್ನೊಂದಕ್ಕೆ ಬರುವಷ್ಟರಲ್ಲಿ ಅಕ್ಷರಗಳು
ಸಾಸಿವೆಯಾಗಿದ್ದವು.
ಒಲೆಯ ಮೇಲಿನ ದೀಪ ಹಾಕಿ, ಬಾಗಿ ಓದಿದೆ:

ತರಬೇತಿ ಮುಗಿದ ದಿನದಿಂದ ಹನ್ನೆರಡು ತಿಂಗಳು
ಕಂಪನಿಯ ಲಾರಿಯನ್ನೇ ಓಡಿಸತಕ್ಕದ್ದು.
ನಡುವೆ ಬಿಟ್ಟರೆ ಆರು ಸಾವಿರ ಡಾಲರು.
ಬಡ್ಡಿ ಬೇರೆ.

ನನಗೀಗ ನಲವತ್ತಾರು.
ಗ್ರ್ಯಾಂಡ್ ಐಲೆಂಡಿನ ಮಾಂಸದ ಕಾರ್ಖಾನೆಯಲ್ಲಿ
ಹತ್ತೊಂಬತ್ತು ವರ್ಷ ಪೆಟ್ಟಿಗೆಗೆ ಟೇಪು ಹಚ್ಚಿದವಳು,
ಮಣಿಕಟ್ಟು ಸಾಕೆನ್ನುವ ತನಕ.
ಅಷ್ಟು ವರ್ಷವೂ ಲಾರಿಗಳ
ಹಿಂಬಾಗಿಲನ್ನಷ್ಟೇ ಕಂಡೆ.
ಮುಂದೆ ಕೂತವರಿಗೆ ಏನು ಕಾಣುತ್ತದೆ
ಎಂಬುದು ಈಚಿನ ಆಸೆ.

ಬ್ರಾಡಿ ದಿನಕ್ಕೆ ಮೂರು ಸಲ ಫೋನು ಮಾಡುತ್ತಾನೆ.
‘ಬಸ್ಸಿನ ಟಿಕೀಟು ನಮ್ಮದು, ಆರ್ಲಿಸ್,
ಮೋಟೆಲು ನಮ್ಮದು, ಬೆಳಗಿನ ತಿಂಡಿ ನಮ್ಮದು.’
ಎಳೆಯ ದನಿ. ಕೆಟ್ಟವನಲ್ಲ.
ಆದರೂ ಅಷ್ಟು ಸಲ ನಮ್ಮದು ಎಂದವನ ಬಾಯಲ್ಲಿ
ರುಜು ಹಾಕುವ ಮೊದಲೇ
ನಾನೂ ಅವರದಾಗಿಬಿಟ್ಟಿದ್ದೆ.

ಎದುರುಮನೆಯ ಮರ್ಲ್ ಕೊವಾರಿಕ್
ಮೂವತ್ತೊಂದು ವರ್ಷ ಓಡಿಸಿ ಇಳಿದವನು.
‘ನಾನು ಕಲಿತದ್ದು ಕಂಪನಿಯ ದುಡ್ಡಲ್ಲೇ.
ಜೇಬಲ್ಲಿ ಹನ್ನೊಂದು ಡಾಲರಿದ್ದವನ ಕೈಗೆ
ಇನ್ಯಾರು ಕೊಡುತ್ತಿದ್ದರು ಅಷ್ಟು ದೊಡ್ಡ ಚಕ್ರ?
ಹಂಗೋ, ಹೌದು, ಹಂಗೇ.
ಮೊದಲ ವರ್ಷ ಹೇಗೂ ಎಲ್ಲರೂ ಅಗ್ಗ.
ಹಲ್ಲು ಕಚ್ಚು, ಕ್ಯಾಲೆಂಡರಿನಲ್ಲಿ ಗೀಟು ಹಾಕು.’

‘ಮೊದಲ ಆರು ವಾರ ಗುರುವಿನ ಲಾರಿಯಲ್ಲೇ ನಿದ್ದೆ,’
ಅವನ ಹೆಂಡತಿ ಇವೋನ್, ಪೈ ಕತ್ತರಿಸುತ್ತ.
‘ಕೆಳಗಿನ ಮಂಚ ಅವನದು, ಮೇಲಿನದು ಇವಳದು.
ಅವನು ಯಾರೆಂದು ಹತ್ತುವ ತನಕ ಗೊತ್ತಿಲ್ಲ.
ನೀನು ಆ ಲೆಕ್ಕ ಹಾಕಿದ್ದೆಯಾ, ಮರ್ಲ್?’
ಮರ್ಲ್ ಪೈ ತಿಂದ.

ಹೇಸ್ಟಿಂಗ್ಸಿನ ಕಾಲೇಜಿನಲ್ಲಿ ಐದು ವಾರ,
ರಾತ್ರಿ ನನ್ನ ಹಾಸಿಗೆಯಲ್ಲಿ ನಾನು.
ನಾಲ್ಕು ಸಾವಿರದ ಏಳುನೂರು.
ಖಾತೆಯಲ್ಲಿರುವುದು ಮೂರು ಸಾವಿರದ ನೂರ ಹನ್ನೆರಡು.
ಪರವಾನಗಿ ಸಿಕ್ಕ ಮೇಲೂ ಕೆಲಸ ಹುಡುಕಬೇಕು;
ಹಂಗಿಲ್ಲದವಳಿಗೆ ಯಾರೂ
ಬಸ್ಸಿನ ಟಿಕೀಟು ಕಳಿಸುವುದಿಲ್ಲ.

ಹಾಗಾಗಿ ಬುಧವಾರ, ಮೂರನೇ ಫೋನಿಗೆ, ನಾನೇ ಕೇಳಿದೆ:
‘ನಾನು ಬಿಟ್ಟರೆ ಆರು ಸಾವಿರ, ಸರಿ.
ನೀವೇ ನನ್ನನ್ನು ಬಿಟ್ಟರೆ?
ಎರಡನೇ ತಿಂಗಳಲ್ಲಿ, ಮಂಜಿನಲ್ಲಿ,
ಕಂಬಕ್ಕೊಂದು ಸಣ್ಣ ಗೀರು ಮಾಡಿದೆನೆನ್ನಿ,
ಮನೆಗೆ ಹೋಗು ಎಂದರೆ?’
ಬ್ರಾಡಿ ಸುಮ್ಮನಾದ. ಆಮೇಲೆ ಪಿಯಾನೋ ಸಂಗೀತ,
ನಾಲ್ಕು ನಿಮಿಷ.
ತಿರುಗಿ ಬಂದಾಗ ದನಿ ಇನ್ನೂ ಎಳೆಯದಾಗಿತ್ತು.
‘ಆಗಲೂ ನೀವೇ ಕೊಡಬೇಕಂತೆ, ಮೇಡಂ.
ಇದನ್ನು ಈವರೆಗೆ ಯಾರೂ ಕೇಳಿರಲಿಲ್ಲ.’

ಗೇಲನ್ ನನಗೆ ಬಿಟ್ಟುಹೋದದ್ದು ಎರಡೇ:
ಒಂದು ದೋಣಿ, ಮತ್ತು ಆ ದೋಣಿಯ ಸಾಲ.
ಸಾಲ ನಾನು ತೀರಿಸಿದೆ. ದೋಣಿಗೆ ಗಿರಾಕಿ ಸಿಕ್ಕಿದ್ದಾನೆ,
ಸಾವಿರದ ನಾನೂರು, ನಾಳೆ ಬೆಳಗ್ಗೆ.
ಇನ್ನೂ ನೂರ ಎಂಬತ್ತೆಂಟು ಕಡಿಮೆ,
ಆ ಐದು ವಾರದ ದಿನಸಿ ಬಿಟ್ಟು.
ಕಾಗದ ಮೇಜಿನ ಮೇಲೇ ಇದೆ. ಹರಿದಿಲ್ಲ.
ಹರಿಯುವಷ್ಟು ಧೈರ್ಯವೂ ದುಡ್ಡೇ.

ಕತ್ತಲಾದ ಮೇಲೆ ಪಿಕಪ್ಪಿಗೆ ಟ್ರೇಲರು ಸಿಕ್ಕಿಸಿ
ದೋಣಿಯನ್ನು ಹಿಂದಕ್ಕೆ ತಳ್ಳುತ್ತ ಕಲಿಯುತ್ತಿದ್ದೇನೆ.
ಬಾಲ ಎಡಕ್ಕೆ ಹೊರಳಬೇಕಾದರೆ
ಚಕ್ರ ಬಲಕ್ಕೆ. ಮೈಗೆ ಇದು ಒಗ್ಗುವುದಿಲ್ಲ.
ಮೊದಲ ಸಲ ಟಪಾಲಿನ ಡಬ್ಬಿ ಮಲಗಿತು.
ಎರಡನೆಯದಕ್ಕೆ ಗುಲಾಬಿ ಗಿಡ.
ದೂರ ಪ್ಲ್ಯಾಟ್ ನದಿಯ ಮರಳಲ್ಲಿ
ಕೊಕ್ಕರೆಗಳ ಗದ್ದಲ, ನಿದ್ದೆಗೆ ಜಾಗ ಹಿಡಿಯಲು ಜಗಳ.

ಎದುರುಮನೆಯ ದೀಪ ಹತ್ತಿತು.
ಚಪ್ಪಲಿಯಲ್ಲೇ ರಸ್ತೆ ದಾಟಿ ಬಂದ ಮರ್ಲ್.
ಬುದ್ಧಿ ಹೇಳಲಿಲ್ಲ.
ಟಾರ್ಚು ಹೊತ್ತಿಸಿ, ಟ್ರೇಲರಿನ ಹಿಂದೆ ಹೋಗಿ,
ಒಂದು ಹೆಜ್ಜೆ ಪಕ್ಕಕ್ಕೆ ಸರಿದು ನಿಂತ,
ಕನ್ನಡಿಯಲ್ಲಿ ನನಗೆ ಕಾಣುವ ಜಾಗದಲ್ಲಿ.