ಮಣ್ಣಿನ ರುಚಿ

ಬಿದರಿ ಹೂಜಿ ಕಪ್ಪಾಗೋದು ಬಣ್ಣದಿಂದಲ್ಲ.
ಕೋಟೆ ಒಳಗ, ಬಿಸಿಲು ಮುಟ್ಟದ, ಮಳಿ ಮುಟ್ಟದ
ಗ್ವಾಡಿ ಬುಡದ ಮಣ್ಣು ಬೇಕು ಅದಕ್ಕ.
ಯಾವ ಮಣ್ಣು ಖರೇದು ಅಂತ
ನುಸ್ರತ್ ಉಸ್ತಾದರು ಚಿಟಿಗಿ ತಗೊಂಡು
ನಾಲಿಗಿ ಮ್ಯಾಲ ಇಟ್ಟು ಹೇಳ್ತಾರ.
ಅವರು ಬಿಟ್ಟರ ಕಾರಖಾನಿಯೊಳಗ ಆ ನಾಲಿಗಿ ಇರೋದು ನನಗ,
ಈ ಪ್ರಯಾಗಬಾಯಿಗೆ.
ತಂತಿ ಕೂರಸೋದು ಕಲಿಸಬಹುದು, ಇದು ತಾನೇ ಬರಬೇಕು
ಅಂತಾರ ಅವರು.

ಮಾಘದಾಗ ಬಲಗಡಿ ದವಡಿ ಹಲ್ಲು ಎದ್ದು ಕುಂತಿತು.
ಲವಂಗ ಇಟ್ಟೆ. ಉಪ್ಪಿನ ನೀರು ಮುಕ್ಕಳಿಸಿದೆ.
ಬೆಳ್ಳಿ ತಂತಿ ಮ್ಯಾಲ ಬಡಿಯೋ ಸುತ್ತಿಗಿ
ಒಂದೊಂದು ಏಟೂ ಹಲ್ಲಿನ ಬೇರಿಗೇ ಬಿತ್ತು.
ನಾಲ್ಕು ದಿನಕ್ಕ ಮುಖ ಬಾತು
ಒಂದು ಕಣ್ಣು ಸಣ್ಣಾತು.

ಉದಗೀರ ರಸ್ತಾದಾಗ ಮಾಳಿಗಿ ಮ್ಯಾಲಿನ ದವಾಖಾನಿ.
ಗಾಜಿನ ಬಾಗಿಲು, ನಗೋ ಹಲ್ಲಿನ ಚಿತ್ರ.
ಕಾಗದದಾಗ ಕೇಳಿದ್ದರು: ಸಕ್ಕರಿ? ಬಿ.ಪಿ.? ಮತ್ತೇನರೆ?
ಮತ್ತೇನರೆ ಅನ್ನೋ ಮನಿಯೊಳಗ
ಎಚ್.ಐ.ವಿ. ಅಂತ ಖರೇನೇ ಬರದೆ.
ಹನ್ನೊಂದು ವರ್ಷ ಆತು, ರಾತ್ರಿ ಒಂಬತ್ತರ ಗುಳಿಗಿ ತಪ್ಪಿಸಿಲ್ಲ,
ರಕ್ತದಾಗ ಹುಡುಕಿದರೂ ಈಗ ಅದು ಸಿಗಂಗಿಲ್ಲ,
ಅದನ್ನೂ ಬರೀಬೇಕಂದೆ. ಅಷ್ಟು ಜಾಗ ಇರಲಿಲ್ಲ.
ಕಾಗದ ಒಳಗ ಹೋತು.
ಒಳಗಿನ ಮಾತು ನಿಂತಿತು.
“ಮಷೀನ್ ಕೆಟ್ಟದರಿ” ಅಂದಳು ಹೊರಗ ಬಂದ ಹುಡುಗಿ.
ಆಕಿ ಬೆನ್ನ ಹಿಂದ ಮಷೀನು ಯಾರದೋ ಬಾಯಾಗ ಗುಂಯ್‌ಗುಡ್ತಿತ್ತು.
ನಾ ಎದ್ದ ಕುರ್ಚಿಗೆ ಏನೋ ಸಿಂಪಡಿಸಿದರು,
ಕಡೀ ಮೆಟ್ಟಲತನಕ ಅದರದೇ ವಾಸನಿ.

ಎರಡನೇ ದವಾಖಾನ್ಯಾಗ ಆ ಮನಿ ಖಾಲಿ ಬಿಟ್ಟೆ.
ಸುಳ್ಳಲ್ಲ, ಖಾಲಿ ಅಷ್ಟೇ, ಅಂತ ನನಗ ನಾನೇ ಹೇಳಿಕೊಂಡೆ.
ಲೈಟು ಬಾಯೊಳಗ ಬಿತ್ತು. ಇಕ್ಕಳ ಹತ್ರ ಬಂತು.
ಎದ್ದು ಬಂದುಬಿಟ್ಟೆ.
ಯಾಕ ಅಂತ ಇವತ್ತಿಗೂ ಸರಿಯಾಗಿ ಗೊತ್ತಿಲ್ಲ.
ಸಣ್ಣ ಹುಡುಗ ಆ ಡಾಕ್ಟರ,
ಗವಸು ಹಾಕೊಳ್ಳೂ ಮುಂಚೆ ಅವನ ಕೈ ಕಂಡೆ,
ಉಗುರಿನ ಸುತ್ತ ಕಡಕೊಂಡ ಚರ್ಮ.
ನನ್ನಿಂದ ಅವಂಗೇನೂ ಆಗ್ತಿರಲಿಲ್ಲ.
ಆದರ ಅದನ್ನ ಅವಂಗ ಹೇಳೋ ಬಾಯಿ
ಅವನ ಕೈಯಾಗೇ ಇತ್ತು.

ಎ.ಆರ್.ಟಿ. ಕೇಂದ್ರದ ಶೇಷರಾವ ಸಿಟ್ಟಾದ:
“ಹಂಗ ಒಲ್ಲೆ ಅನ್ನಂಗಿಲ್ಲ ಬಾಯಿ, ಕಾಯ್ದೆ ಅದ.”
ಕಾಯ್ದೆ ಹಲ್ಲು ಕೀಳ್ತದೇನೋ, ಅಂದೆ.
ಬಾತ ಬಾಯಿಲೆ ಅಂದದ್ದು, ಅವಂಗ ತಿಳೀಲಿಲ್ಲ.
ಎರಡು ಸಲ ಅನ್ನಿಸಿದ.
ಆಮ್ಯಾಲ ಫೋನ್ ಹಚ್ಚಿದ, ಚೀಟಿ ಬರದ.

ಸರಕಾರಿ ದವಾಖಾನಿ, ಹನ್ನೆರಡನೇ ಖೋಲಿ.
ಮೇತ್ರೆ ಡಾಕ್ಟರಬಾಯಿ ಚೀಟಿ ಓದಿದಳು.
ನಾ ಕಾದೆ:
ದನಿ ಬದಲಾಗೋದಕ್ಕ,
ಎಲ್ಲಾರದೂ ಮುಗದ ಮ್ಯಾಲ ಬರ್ರಿ ಅನ್ನೋದಕ್ಕ.
“ಯಾವ ಹಲ್ಲು?” ಅಂದಳು.
ನನಕಿಂತ ಮುಂಚಿನ ಮುದುಕಂಗೂ ಹಿಂಗೇ ಕೇಳಿದ್ದಳು,
ಹಸಿವಾದ ಮಧ್ಯಾಹ್ನದ ಬ್ಯಾಸರಲೆ.
ಆ ಬ್ಯಾಸರದಾಗ ನನಗೂ ಸಮ ಪಾಲು ಸಿಕ್ಕಿತು.

ಹಲ್ಲು ತಟ್ಟಿಯೊಳಗ ಟಣ್ ಅಂತು.
ಅರಳಿ ಕಚ್ಚಿ ಹಿಡೀರಿ, ತಾಸೊತ್ತು ಉಗುಳಬ್ಯಾಡ್ರಿ.
“ಎಡಗಡಿ ಇನ್ನೊಂದು ಹುಳಕ ಅದ. ಸೋಮವಾರ ಬರ್ರಿ.”
ನನಗ. ಬರ್ರಿ ಅಂತ.
ಹೊರಗ ಬೇವಿನ ಗಿಡದ ಕಟ್ಟಿ ಮ್ಯಾಲ ಕುಂತು
ಅರಳಿ ಕಚ್ಚಿಕೊಂಡೇ ಅತ್ತೆ. ಬಾಯಿ ತೆರೀದೇ ಅಳೋದು ತ್ರಾಸು.

ಗಾಯ ಮಾಯ್ದ ಮ್ಯಾಲ ಒಂದು ದಿನ
ಉಸ್ತಾದರು ಎರಡೂ ಅಂಗೈಯಾಗ ಮಣ್ಣು ಹಿಡಕೊಂಡು ಬಂದರು.
ಅವರಿಗೆಲ್ಲಾ ಗೊತ್ತದ, ಮೊದಲಿನಿಂದ.
ಹನ್ನೊಂದು ವರ್ಷದಾಗ ಒಂದು ಸಲನೂ
ನನ್ನ ಮಣ್ಣಿಗೆ ಬ್ಯಾರೆ ಬಟ್ಟಲ ಇಟ್ಟವರಲ್ಲ.
ನಾಲಿಗಿ ಮೊದಲು ಖಾಲಿ ಜಾಗಕ್ಕ ಹೋತು,
ಅಲ್ಲಿ ತಡವರಿಸಿ
ಆಮ್ಯಾಲ ಮಣ್ಣಿಗೆ ಬಂತು.

ಎಡಗೈದು ಆಗಂಗಿಲ್ಲ, ಅಂದೆ.
ಬಲಗೈದು ಕುದಿಸ್ರಿ.