ಮೂರು ಜಾಕೆಟ್ಟು

ಡಂಡಿಯಿಂದ ರಾತ್ರಿಯಿಡೀ ವ್ಯಾನು.
ಯೂನಿವರ್ಸಿಟಿಯ ನಾಲ್ವರು ನಾವು, ಜಾಕೆಟ್ಟು ಮೂರೇ,
ಒಣತೊಗಲಿನ ಹಾಗೆ ಬಿರುಸು.
ನನ್ನ ಸರದಿ ಬಂದಾಗ ಒಳಗೆ
ಶೋನಾಳ ಬೆವರು ಇನ್ನೂ ಬಿಸಿ.

ಒಳಮಗ್ಗುಲಿಗೆ ಪೆನ್ನಿನಲ್ಲಿ ಬರೆದ ಹೆಸರು:
ಎಂಬತ್ತೊಂಬತ್ತರ ಫಿನ್ಲೆ,
ಅರ್ಧ ಅಳಿಸಿದ ಯಾರೋ ಮೊರಾಗ್.
ಶೋನಾ ಕಡೆಯ ಗುಂಡಿ ಎಳೆದು ಹಾಕಿದಳು:
"ಉಸಿರು ಬಿಡು. ಪೂರ್ತಿ ಬಿಡಬೇಡ."

ಹತ್ತು ಮೀಟರಾಚೆ
ಕಪ್ಪಿನ ನಡುವೆ ಸಾಸಿವೆಗಿಂತ ಸಣ್ಣ ಬಿಳಿ.
ಎದೆ ಬಡಿದರೆ ನಳಿಗೆ ಕುಣಿಯುತ್ತದೆ,
ಬಡಿತಕ್ಕೂ ಬಡಿತಕ್ಕೂ ನಡುವೆ
ಒಂದು ಇಕ್ಕಟ್ಟು ಸಂದು,
ಅಲ್ಲಿ ನಾನು ಹೊಕ್ಕು

ಟಪ್.
ಎಂಟು ಪಾಯಿಂಟ್ ಏಳು.

ಹನ್ನೊಂದನೇ ಸ್ಥಾನ.
ಪಾರ್ಕಿಂಗಿನಲ್ಲಿ ನಿಂತು ತಣ್ಣಗಾದ ಚಿಪ್ಸು ತಿಂದೆವು.
ರುವಾರಿ ಮಾತಿಲ್ಲದೆ ಪೆನ್ನು ಚಾಚಿದ.
ಮೊರಾಗ್ ಕೆಳಗೆ ಬರೆದೆ.
ಈಗ, ನೋಡಿ,
ಕೈ ನಡುಗಲೇ ಇಲ್ಲ.